ಎಪಿಎಂಸಿಯಲ್ಲಿ ಮಾಲು ಮಾರುವ ಬಗೆ: ಗೇಟಿನಿಂದ ಪಟ್ಟಿಯವರೆಗೆ

ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿ (ಎಪಿಎಂಸಿ) ನಿಮ್ಮ ಮಾಲನ್ನು ಕೊಳ್ಳುವುದೂ ಇಲ್ಲ, ಅದಕ್ಕೆ ಬೆಲೆ ಕಟ್ಟುವುದೂ ಇಲ್ಲ. ಕೊಳ್ಳುವವನು ವರ್ತಕ, ನಡುವೆ ನಿಲ್ಲುವವನು ದಲಾಲಿ. ಸಮಿತಿಯ ಕೆಲಸ ಯಾರ್ಡು (ಮಾರುಕಟ್ಟೆ ಪ್ರಾಂಗಣ) ನಡೆಸುವುದು, ಲೈಸೆನ್ಸು ಕೊಡುವುದು, ಟೆಂಡರ್ ನಡೆಸುವುದು, ತೂಕ ಮತ್ತು ಪಾವತಿಯ ಮೇಲೆ ಕಣ್ಣಿಡುವುದು. ಈ ವ್ಯತ್ಯಾಸ ತಿಳಿಯದವರು ಬೆಲೆ ಬಿದ್ದ ದಿನ ಕಾರ್ಯದರ್ಶಿಯ ಕೊಠಡಿ ಮುಂದೆ ಕೂಗಾಡುತ್ತಾರೆ, ತೂಕದಲ್ಲಿ ಮೋಸವಾದ ದಿನ ಸುಮ್ಮನೆ ಮನೆಗೆ ಹೋಗುತ್ತಾರೆ. ನಡೆಯಬೇಕಾದ್ದು ಇದಕ್ಕೆ ತಿರುಗುಮುರುಗು. ಬೆಲೆಯ ವಿಷಯದಲ್ಲಿ ಸಮಿತಿಯ ಕೈ ಚಿಕ್ಕದು. ತೂಕ, ಕಡಿತ, ಪಾವತಿಯ ವಿಷಯದಲ್ಲಿ ಅದರ ಕೈ ಬಹಳ ದೊಡ್ಡದು. ಆದರೆ ಆ ಕೈ ಚಾಚಬೇಕಾದರೆ ಕಾಗದ ಬೇಕು. ಗೇಟಿನ ಚೀಟಿ, ಮಾಲಿನ ರಾಶಿಗೆ ಬೀಳುವ ಲಾಟ್ ನಂಬರು, ತೂಕ ಬರೆದ ತಕ್‌ಪಟ್ಟಿ, ಲೆಕ್ಕದ ಪಟ್ಟಿ, ಈ ನಾಲ್ಕರಲ್ಲಿ ಒಂದು ತಪ್ಪಿದರೂ ನಿಮ್ಮ ಮಾರಾಟ ಸಮಿತಿಯ ಲೆಕ್ಕದಿಂದ ಹೊರಗೆ ಬೀಳುತ್ತದೆ.

ಸಮಿತಿ ಎಂದರೆ ಯಾರು

ಕರ್ನಾಟಕದ ಏಕೀಕರಣದ ನಂತರವೂ ರಾಜ್ಯದ ಹಳೆಯ ಮುಂಬೈ, ಹೈದರಾಬಾದ್, ಮದ್ರಾಸ್, ಮೈಸೂರು, ಕೊಡಗು ಪ್ರದೇಶಗಳಲ್ಲಿ ಬೇರೆ ಬೇರೆ ಮಾರುಕಟ್ಟೆ ಕಾಯ್ದೆಗಳಿದ್ದವು. ಅವನ್ನೆಲ್ಲ ಒಂದು ಮಾಡಿದ್ದು 1966ರ ಕಾಯ್ದೆ. ಸಮಿತಿಯಲ್ಲಿ ರೈತರು ಆರಿಸಿ ಕಳಿಸಿದ ಸದಸ್ಯರದ್ದೇ ಬಹುಮತ. ವರ್ತಕರು ಮತ್ತು ದಲಾಲಿಗಳ ಪ್ರತಿನಿಧಿ, ಸಹಕಾರ ಸಂಘಗಳ ಪ್ರತಿನಿಧಿಗಳು, ಸರ್ಕಾರ ನೇಮಿಸಿದ ಕೆಲವರು ಉಳಿದ ಸ್ಥಾನಗಳಲ್ಲಿರುತ್ತಾರೆ. ದಿನದ ಆಡಳಿತ ಮಾತ್ರ ಕಾರ್ಯದರ್ಶಿಯದು. ಅವರು ಕೃಷಿ ಮಾರಾಟ ಇಲಾಖೆಯ ಅಧಿಕಾರಿ. ದೂರು ಕೊಡುವಾಗ ಇದನ್ನು ನೆನಪಿಡಿ: ಅಧ್ಯಕ್ಷರಿಗೆ ಬಾಯಿಮಾತು, ಕಾರ್ಯದರ್ಶಿಗೆ ಬರವಣಿಗೆ.

ಸಮಿತಿ ಬದುಕುವುದು ಮುಖ್ಯವಾಗಿ ಮಾರುಕಟ್ಟೆ ಶುಲ್ಕದ ಮೇಲೆ. ಜತೆಗೆ ಮಳಿಗೆಗಳ ಬಾಡಿಗೆ, ಲೈಸೆನ್ಸು ಶುಲ್ಕ. ಮಾರುಕಟ್ಟೆ ಶುಲ್ಕ ಕೊಡಬೇಕಾದವನು ಖರೀದಿದಾರ, ರೈತನಲ್ಲ. 2020ಕ್ಕೆ ಮುಂಚೆ ಅದು ನೂರು ರೂಪಾಯಿಗೆ ಒಂದೂವರೆ ರೂಪಾಯಿ ಇತ್ತು. ಯಾರ್ಡಿನ ಹೊರಗೆ ಶುಲ್ಕವಿಲ್ಲದೆ ಕೊಳ್ಳಬಹುದೆಂದು ಆ ವರ್ಷ ತಿದ್ದುಪಡಿ ಬಂದಾಗ 35 ಪೈಸೆಗೆ ಇಳಿಯಿತು, ಆಮೇಲೆ ಸ್ವಲ್ಪ ಏರಿತು. ಆ ಹೊತ್ತಿನಲ್ಲಿ ಎಷ್ಟೋ ಸಮಿತಿಗಳ ಆದಾಯ ಕುಸಿದು ದೀಪ, ಕಸ, ಕಾವಲುಗಾರರ ಸಂಬಳಕ್ಕೂ ಪರದಾಡಬೇಕಾಯಿತು. ಆ ತಿದ್ದುಪಡಿಯನ್ನು ಹಿಂತೆಗೆಯುವ ಮಸೂದೆಯನ್ನು 2023ರಲ್ಲಿ ಹೊಸ ಸರ್ಕಾರ ವಿಧಾನಮಂಡಲಕ್ಕೆ ತಂದಿತು. ಈಗಿನ ದರ ಎಷ್ಟೆಂದು ಕಚೇರಿಯಲ್ಲಿ ಕೇಳಿಕೊಳ್ಳಿ. ದರ ಎಷ್ಟೇ ಇರಲಿ, ನಿಮ್ಮ ಪಟ್ಟಿಯಲ್ಲಿ ಆ ಸಾಲು ಇರಕೂಡದು.

ಮನೆ ಬಿಡುವ ಮುನ್ನ: ಧಾರಣೆ ಓದುವುದು

ಕೃಷಿ ಮಾರಾಟ ವಾಹಿನಿ ಜಾಲತಾಣದಲ್ಲಿ ರಾಜ್ಯದ ಮಾರುಕಟ್ಟೆಗಳ ದಿನದ ಆವಕ (ಬಂದ ಮಾಲಿನ ಪ್ರಮಾಣ) ಮತ್ತು ಧಾರಣೆ ಸಿಗುತ್ತದೆ. ಪ್ರತಿ ಸಾಲಿನಲ್ಲೂ ಕನಿಷ್ಠ, ಗರಿಷ್ಠ, ಮಾದರಿ ಎಂದು ಮೂರು ಬೆಲೆ ಇರುತ್ತವೆ. ಮಾದರಿ ಬೆಲೆ ಎಂದರೆ ಆ ದಿನ ಹೆಚ್ಚಿನ ಮಾಲು ಮಾರಾಟವಾದ ಬೆಲೆ. ನಿಮ್ಮ ಲೆಕ್ಕಕ್ಕೆ ಬೇಕಾದದ್ದು ಅದೊಂದೇ. ಪತ್ರಿಕೆಯಲ್ಲಿ ‘ಮೆಣಸಿನಕಾಯಿಗೆ ದಾಖಲೆ ಬೆಲೆ’ ಎಂದು ಬರುವುದು ಗರಿಷ್ಠದ ಕಾಲಂ. ಅದು ಹತ್ತಾರು ಸಾವಿರ ಚೀಲಗಳ ನಡುವೆ ಯಾವುದೋ ನಾಲ್ಕು ಚೀಲಕ್ಕೆ ಸಿಕ್ಕ ಬೆಲೆಯಾಗಿರಬಹುದು.

ಬೆಲೆಯಷ್ಟೇ ಗಮನವಿಟ್ಟು ಆವಕವನ್ನೂ ನೋಡಿ. ಹಿಂದಿನ ಮೂರು ಸಂತೆದಿನಗಳ ಆವಕ ಏರುತ್ತಾ ಮಾದರಿ ಬೆಲೆ ಇಳಿಯುತ್ತಿದ್ದರೆ, ಮುಂದಿನ ದಿನವೂ ಅದೇ ದಾರಿ ಹಿಡಿಯುವ ಸಂಭವ ಹೆಚ್ಚು. 2024ರ ಮಾರ್ಚ್ 11ರಂದು ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಬೆಲೆ ದಿಢೀರನೆ ಕುಸಿಯಿತೆಂದು ಸಿಟ್ಟಿಗೆದ್ದ ಬೆಳೆಗಾರರು ಸಮಿತಿಯ ಕಚೇರಿಗೆ, ವಾಹನಗಳಿಗೆ ಬೆಂಕಿ ಹಚ್ಚಿದರು. ದೂರದಿಂದ ಲಾರಿ ಬಾಡಿಗೆ ಕೊಟ್ಟು ತಂದವನಿಗೆ ಮಾಲು ವಾಪಸು ಒಯ್ಯುವ ದಾರಿಯೇ ಇರುವುದಿಲ್ಲ. ಅದಕ್ಕೇ ಲೆಕ್ಕ ಹೊರಡುವ ಮೊದಲೇ ಆಗಬೇಕು.

ದೂರದ ಮಾರುಕಟ್ಟೆ ಲಾಭವೋ ಅಲ್ಲವೋ ಎನ್ನುವುದಕ್ಕೆ ಸುಲಭ ಲೆಕ್ಕವಿದೆ. ಎರಡೂ ಕಡೆಯ ಮಾದರಿ ಬೆಲೆಯ ವ್ಯತ್ಯಾಸದಿಂದ ಕ್ವಿಂಟಲಿಗೆ ಬೀಳುವ ಹೆಚ್ಚುವರಿ ಬಾಡಿಗೆ ಕಳೆಯಿರಿ. ಉಳಿದದ್ದು ಕ್ವಿಂಟಲಿಗೆ 30-40 ರೂಪಾಯಿಗಿಂತ ಕಡಿಮೆಯಿದ್ದರೆ ಹತ್ತಿರದ ಮಾರುಕಟ್ಟೆಯೇ ವಾಸಿ. ದೂರದಲ್ಲಿ ಬೆಲೆ ಒಪ್ಪದಿದ್ದರೆ ಒಂದು ರಾತ್ರಿ ಅಲ್ಲೇ ಉಳಿಯಬೇಕಾಗುತ್ತದೆ, ಆ ಒಂದು ರಾತ್ರಿ ವ್ಯತ್ಯಾಸವನ್ನೆಲ್ಲ ತಿಂದುಬಿಡುತ್ತದೆ.

ಒಣಗಿಸಬೇಕೆ, ಹಾಗೇ ತರಬೇಕೆ

ಮೆಕ್ಕೆಜೋಳ ಶೇ 18 ತೇವಾಂಶದಲ್ಲಿದೆ ಎನ್ನಿ. 100 ಕೆ.ಜಿ.ಯಲ್ಲಿ 82 ಕೆ.ಜಿ. ಒಣ ಪದಾರ್ಥ. ಶೇ 14ಕ್ಕೆ ಒಣಗಿಸಿದರೆ ಉಳಿಯುವ ತೂಕ 82ನ್ನು 0.86ರಿಂದ ಭಾಗಿಸಿದಷ್ಟು, ಅಂದರೆ 95.35 ಕೆ.ಜಿ. ಕ್ವಿಂಟಲಿಗೆ 4.65 ಕೆ.ಜಿ. ಹೋಯಿತು. ಒಣ ಮಾಲಿನ ಬೆಲೆ 2,000 ರೂ. ಇದ್ದರೆ ಈ ನಷ್ಟ 93 ರೂ. ಹಸಿ ಮಾಲಿಗೆ ಖರೀದಿದಾರ ಕಡಿಮೆ ಮಾಡುವ ಮೊತ್ತ 93 ರೂ. ಮತ್ತು ನಿಮ್ಮ ಒಣಗಿಸುವ ಕೂಲಿ ಎರಡೂ ಸೇರಿದ್ದಕ್ಕಿಂತ ಹೆಚ್ಚಿದ್ದರೆ ಒಣಗಿಸುವುದು ಲಾಭ. ಕಡಿಮೆಯಿದ್ದರೆ ಹಾಗೇ ಮಾರಿ. ಮೋಡ ಮುಸುಕಿದ ವಾರದಲ್ಲಿ ಈ ಲೆಕ್ಕಕ್ಕೆ ಬೂಷ್ಟಿನ ಭಯವನ್ನೂ ಸೇರಿಸಿಕೊಳ್ಳಬೇಕು.

ಬೆಂಬಲ ಬೆಲೆಯ ಖರೀದಿ ಕೇಂದ್ರಕ್ಕೆ ಒಯ್ಯುವುದಾದರೆ ಮಿತಿಗಳು ಗಟ್ಟಿ: ಮೆಕ್ಕೆಜೋಳಕ್ಕೆ ಶೇ 14, ತೊಗರಿಗೆ ಶೇ 12, ಭತ್ತಕ್ಕೆ ಶೇ 17. ಅಲ್ಲಿ ಚೌಕಾಸಿ ನಡೆಯದು, ಮಿತಿ ಮೀರಿದರೆ ಗಾಡಿ ವಾಪಸು. ಟೆಂಡರ್ ಮಾರುಕಟ್ಟೆಯಲ್ಲಿ ಹಾಗಲ್ಲ, ಯಾವ ತೇವಾಂಶಕ್ಕೂ ಒಂದು ಬೆಲೆ ಇದ್ದೇ ಇರುತ್ತದೆ. ಸಮಿತಿ ಕಚೇರಿಯಲ್ಲಿ ತೇವಾಂಶ ಮಾಪಕ ಇದ್ದರೆ ಟೆಂಡರಿಗೆ ಮುಂಚೆಯೇ ನಿಮ್ಮ ಮಾಲಿನ ಅಂಕಿ ತಿಳಿದುಕೊಳ್ಳಿ. ‘ಹಸಿ ಐತಿ’ ಎಂಬ ಮಾತಿಗೆ ಉತ್ತರ ಅಂಕಿಯಲ್ಲಿರಬೇಕು.

ಹಳೆಯ ಮಾಲನ್ನು ಹೊಸದರ ಜತೆ ಬೆರೆಸಬೇಡಿ. ಖರೀದಿದಾರ ಚೀಲಕ್ಕೆ ಚುಚ್ಚಿ ಮೂರ್ನಾಲ್ಕು ಕಡೆ ಕಾಳು ತೆಗೆದು ನೋಡುತ್ತಾನೆ. ಎಲ್ಲಕ್ಕಿಂತ ಕೆಟ್ಟ ಚೀಲ ಯಾವುದೋ ಅದೇ ಇಡೀ ಲಾಟಿನ ಬೆಲೆ ನಿರ್ಧರಿಸುತ್ತದೆ. 40 ಚೀಲದಲ್ಲಿ ಐದು ಚೀಲ ಮಳೆಗೆ ಸಿಕ್ಕಿದ್ದರೆ ಆ ಐದನ್ನು ಬೇರೆ ಲಾಟ್ ಮಾಡಿಸಿ. ಅಡಿಕೆಯಲ್ಲಿ ಇದು ಇನ್ನೂ ಮುಖ್ಯ. ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ದರ್ಜೆಗಳಲ್ಲಿ ಒಂದರ ಬೆಲೆ ಇನ್ನೊಂದಕ್ಕಿಲ್ಲ. ಬೆರಕೆ ಮಾಡಿ ತಂದವನಿಗೆ ಕೆಳಗಿನ ದರ್ಜೆಯ ಬೆಲೆಯೇ ಗತಿ.

ಜತೆಯಲ್ಲಿ ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ, ಫ್ರೂಟ್ಸ್ ಐಡಿ (ಸರ್ಕಾರದ ರೈತ ನೋಂದಣಿ ಸಂಖ್ಯೆ), ಆಧಾರಿಗೆ ಜೋಡಿಸಿದ ಮೊಬೈಲ್ ಇರಲಿ.

ಗೇಟು

ಯಾರ್ಡಿನ ಗೇಟಿನಲ್ಲಿ ಸಮಿತಿಯ ಸಿಬ್ಬಂದಿ ರೈತನ ಹೆಸರು, ಊರು, ಮಾಲು, ಚೀಲಗಳ ಸಂಖ್ಯೆ, ಯಾವ ದಲಾಲಿ ಅಂಗಡಿ ಎಂಬುದನ್ನು ಬರೆದುಕೊಂಡು ಚೀಟಿ ಕೊಡುತ್ತಾರೆ. ಇಲ್ಲಿ ಎರಡು ತಪ್ಪು ಆಗಾಗ ನಡೆಯುತ್ತವೆ. ಒಂದು, ಗಾಡಿ ಚಾಲಕನೇ ಹೆಸರು ಹೇಳಿ ಒಳಗೆ ನುಗ್ಗುವುದು. ಚೀಟಿ ಅವನ ಹೆಸರಿಗೋ ದಲಾಲಿಯ ಹೆಸರಿಗೋ ಬಂದಿರುತ್ತದೆ. ಇನ್ನೊಂದು, ನಾಲ್ಕು ರೈತರ ಮಾಲು ಒಂದೇ ಲಾರಿಯಲ್ಲಿ ಬಂದು ಒಂದೇ ಹೆಸರಿಗೆ ನಮೂದಾಗುವುದು. ಮುಂದೆ ಹಣ ಬಾರದಿದ್ದರೆ ಉಳಿದ ಮೂವರು ಮಾರಾಟ ಮಾಡಿದ್ದಕ್ಕೆ ಸಾಕ್ಷಿಯೇ ಇಲ್ಲ. ಪ್ರತಿಯೊಬ್ಬರದ್ದೂ ಬೇರೆ ನಮೂದು, ಬೇರೆ ಚೀಟಿ. ಅಲ್ಲೇ ನಿಂತು ಮೊಬೈಲಿನಲ್ಲಿ ಅದರ ಫೋಟೋ ತೆಗೆದುಕೊಳ್ಳಿ.

ಯಾವ ಅಂಗಡಿ

ದಲಾಲಿಯ ಆಯ್ಕೆ ನಿಮ್ಮದು. ಅಂಗಡಿಯಲ್ಲಿ ಸಮಿತಿಯ ಲೈಸೆನ್ಸು ಇದೆಯೇ, ಈ ಸಾಲಿಗೆ ನವೀಕರಣವಾಗಿದೆಯೇ ಎಂದು ಕಚೇರಿಯಲ್ಲಿ ವಿಚಾರಿಸಬಹುದು.

ಆದರೆ ಸುಮಾರು ರೈತರಿಗೆ ಈ ಆಯ್ಕೆ ಹೆಸರಿಗೆ ಮಾತ್ರ. ಬಿತ್ತನೆ ಹೊತ್ತಿಗೆ ಬೀಜ, ಗೊಬ್ಬರಕ್ಕೆಂದು ದಲಾಲಿಯಿಂದ ಕೈಗಡ ತಂದಿರುತ್ತಾರೆ. ಮಾಲು ಆ ಅಂಗಡಿಗೇ ಹೋಗಬೇಕು. ಮುಂಗಡ ಕೊಟ್ಟವನಿಗೆ ತನ್ನ ಸಾಲ ತೀರಿದರೆ ಸಾಕು, ನಿಮಗೆ ಹತ್ತು ರೂಪಾಯಿ ಹೆಚ್ಚು ಸಿಗಲೆಂಬ ಆತುರ ಅವನಿಗಿಲ್ಲ. ಸಾಲ ಇದ್ದರೂ ಟೆಂಡರ್, ತೂಕ, ಪಟ್ಟಿಯ ಹಕ್ಕು ಹೋಗುವುದಿಲ್ಲ. ಮಾರಾಟದ ಪಟ್ಟಿ ಪೂರ್ತಿ ಮೊತ್ತಕ್ಕೆ ಆಗಲಿ, ಸಾಲದ ಮರುಪಾವತಿಗೆ ಬೇರೆ ರಸೀದಿ ಆಗಲಿ. ಎರಡನ್ನೂ ಒಂದೇ ಕಾಗದದಲ್ಲಿ ಕಲಸಿದರೆ ಬಡ್ಡಿ ಎಲ್ಲಿ ಸೇರಿತು, ಕಡಿತ ಎಲ್ಲಿ ಸೇರಿತು ಎಂದು ಬ್ರಹ್ಮನಿಗೂ ತಿಳಿಯದು.

ಲಾಟ್ ಮತ್ತು ಟೆಂಡರ್

ಚೀಲ ಇಳಿಸಿ ಅಂಗಡಿ ಮುಂದೆ ರಾಶಿ ಹಾಕಿದ ಮೇಲೆ ಲಾಟ್ ನಂಬರು ಬೀಳುತ್ತದೆ. ಆನ್‌ಲೈನ್ ಟೆಂಡರಿನ ಏಕೀಕೃತ ಮಾರುಕಟ್ಟೆ ವೇದಿಕೆಗೆ ಸೇರಿದ ಯಾರ್ಡುಗಳಲ್ಲಿ ಇದು ಕಂಪ್ಯೂಟರಿನಿಂದಲೇ ಬರುತ್ತದೆ. ಈ ವೇದಿಕೆ ನಡೆಸಲು 2014ರಲ್ಲಿ ರಾಜ್ಯ ಸರ್ಕಾರ ಒಂದು ಖಾಸಗಿ ಸರಕು ವಿನಿಮಯ ಸಂಸ್ಥೆಯ ಜತೆ ಸೇರಿ ‘ರಾಷ್ಟ್ರೀಯ ಇ-ಮಾರ್ಕೆಟ್ ಸರ್ವಿಸಸ್’ ಕಂಪನಿ ಕಟ್ಟಿತು. ದೇಶದ ಮಾರುಕಟ್ಟೆಗಳನ್ನು ಆನ್‌ಲೈನಿನಲ್ಲಿ ಜೋಡಿಸುವ ಕೇಂದ್ರದ ಇ-ನಾಮ್ ಶುರುವಾಗಿದ್ದು ಅದಾದ ಮೇಲೆ, 2016ರ ಏಪ್ರಿಲಿನಲ್ಲಿ.

ವರ್ತಕರು ಬೆಳಿಗ್ಗೆ ಅಂಗಡಿಯಿಂದ ಅಂಗಡಿಗೆ ಸುತ್ತಿ ಮಾಲು ನೋಡಿ, ಲಾಟ್ ನಂಬರಿನ ಎದುರು ತಮ್ಮ ಬೆಲೆ ನಮೂದಿಸುತ್ತಾರೆ. ಒಬ್ಬನ ಬೆಲೆ ಇನ್ನೊಬ್ಬನಿಗೆ ಕಾಣುವುದಿಲ್ಲ. ಗೊತ್ತಾದ ಹೊತ್ತಿಗೆ ಟೆಂಡರ್ ಮುಚ್ಚಿ, ಲಾಟಿಗೆ ಬಿದ್ದ ಅತಿ ಹೆಚ್ಚಿನ ಬೆಲೆ ಘೋಷಣೆಯಾಗುತ್ತದೆ. ಹಿಂದೆ ಬಟ್ಟೆಯಡಿ ಕೈಬೆರಳು ಹಿಡಿದು ಬೆಲೆ ಕುದುರಿಸುವ ಪದ್ಧತಿ ಇತ್ತು, ಮಾಲಿನ ಒಡೆಯನೇ ಪಕ್ಕದಲ್ಲಿ ನಿಂತಿದ್ದರೂ ಬೆಲೆ ತಿಳಿಯುತ್ತಿರಲಿಲ್ಲ. ಮುಚ್ಚಿದ ಟೆಂಡರ್ ಅದಕ್ಕೆ ಮದ್ದು. ಆದರೆ ವರ್ತಕರು ಮೊದಲೇ ಚಹಾದಂಗಡಿಯಲ್ಲಿ ಕೂತು ಮಾತಾಡಿಕೊಂಡಿದ್ದರೆ ಅದಕ್ಕೆ ಯಾವ ತಂತ್ರಾಂಶವೂ ಮದ್ದಲ್ಲ. ಗುರುತು ಹಿಡಿಯುವ ಬಗೆಯೊಂದಿದೆ: ನಿಮ್ಮ ಲಾಟಿಗೆ ಎಷ್ಟು ಜನ ಬೆಲೆ ಹಾಕಿದ್ದಾರೆಂದು ಕೇಳಿ. ಒಬ್ಬರೋ ಇಬ್ಬರೋ ಇದ್ದು, ಪಕ್ಕದ ಅಂಗಡಿಯ ಅಂಥದ್ದೇ ಮಾಲಿಗೆ ಏಳೆಂಟು ಮಂದಿ ಹಾಕಿದ್ದರೆ, ಮಾರನೆಯ ದಿನದ ಟೆಂಡರಿಗೆ ಇಡುವುದು ಲೇಸು.

ಹೌದು, ಘೋಷಣೆಯಾದ ಬೆಲೆಯನ್ನು ಒಪ್ಪಲೇಬೇಕೆಂದಿಲ್ಲ. ಬೆಲೆ ಸಾಲದಾದರೆ ನಿರಾಕರಿಸುವ ಹಕ್ಕು ರೈತನದ್ದು. ಅದಕ್ಕೆ ಗಡುವು ಇರುತ್ತದೆ. ಗಡುವಿನೊಳಗೆ ದಲಾಲಿಯ ಮೂಲಕ ನಿರಾಕರಣೆ ದಾಖಲಾಗದಿದ್ದರೆ ಒಪ್ಪಿದಂತೆ. ಗಡುವು ಎಷ್ಟು ಗಂಟೆಗೆ ಎಂದು ಬೆಳಿಗ್ಗೆಯೇ ಕಚೇರಿಯಲ್ಲಿ ಕೇಳಿಟ್ಟುಕೊಳ್ಳಿ, ಆ ಹೊತ್ತಿಗೆ ಊಟಕ್ಕೆ ಹೋಗಬೇಡಿ. ಯಾರ್ಡು ಬಿಟ್ಟು ಹೋಗಲೇಬೇಕಾಗಿದ್ದರೆ ಇಷ್ಟಕ್ಕಿಂತ ಕಡಿಮೆಗೆ ಬೇಡ ಎಂದು ದಲಾಲಿಗೆ ಮೊಬೈಲ್ ಸಂದೇಶ ಕಳಿಸಿಡಿ. ಬಾಯಿಮಾತಿಗೆ ಸಾಕ್ಷಿ ಇರುವುದಿಲ್ಲ.

ಬೆರಳು ತಪ್ಪಿ ಸೊನ್ನೆ ಹೆಚ್ಚು ಒತ್ತಿದ ಬೆಲೆಗಳೂ ಬರುತ್ತವೆ. 2,050 ಇರಬೇಕಾದಲ್ಲಿ 20,500. ಇಂಥದ್ದನ್ನು ತಪ್ಪು ನಮೂದೆಂದು ರದ್ದು ಮಾಡುತ್ತಾರೆ, ಅದರಲ್ಲಿ ಜಗಳಕ್ಕೆ ಅರ್ಥವಿಲ್ಲ. ಆದರೆ 2,150 ಹಾಕಿ ಆಮೇಲೆ 2,050 ಎಂದುಕೊಂಡಿದ್ದೆ ಎನ್ನುವ ವರ್ತಕನ ಮಾತು ಬೇರೆ. ಅದಕ್ಕೆ ಒಪ್ಪಬೇಡಿ, ಕಚೇರಿಗೆ ಬನ್ನಿ ಎನ್ನಿ.

ಮಾಲು ತೂಕಕ್ಕೆ ಬಂದಾಗ ‘ಒಳಗೆ ಕಸ ಐತಿ, ಕ್ವಿಂಟಲಿಗೆ ಐವತ್ತು ಕಡಿಮೆ ಮಾಡ್ರಿ’ ಎನ್ನುವುದು ಹಳೆಯ ವರಸೆ. ಟೆಂಡರ್ ಹಾಕುವ ಮೊದಲು ಮಾಲು ನೋಡಿದವನು ಅವನೇ. ಎಲ್ಲ ಚೀಲ ಒಂದೇ ತೆರನಾಗಿದ್ದರೆ ಈ ಕಡಿತಕ್ಕೆ ಆಧಾರವಿಲ್ಲ. ಅಡಿಯ ಚೀಲಗಳಲ್ಲಿ ನಿಜವಾಗಿಯೂ ಬೇರೆ ಮಾಲಿದ್ದರೆ ಮಾತ್ರ ಅವನ ಮಾತಿಗೆ ತೂಕ ಬರುತ್ತದೆ. ಬೆರಕೆ ಬೇಡ ಎಂದದ್ದು ಇದಕ್ಕೂ ಸೇರಿ.

ತೂಕ

ಹಣ ಸೋರುವುದು ಬೆಲೆಗಿಂತ ಹೆಚ್ಚಾಗಿ ಇಲ್ಲಿಯೇ.

ಮೊದಲು ಯಂತ್ರ. ಎಲೆಕ್ಟ್ರಾನಿಕ್ ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ವರ್ಷಕ್ಕೊಮ್ಮೆ ಬೀಳಬೇಕು, ಪ್ರಮಾಣಪತ್ರ ಅಂಗಡಿಯಲ್ಲಿರಬೇಕು. ತೂಕ ಶುರುವಾಗುವ ಮುನ್ನ ಖಾಲಿ ಹಲಗೆಯ ಮೇಲೆ ಸೊನ್ನೆ ಇದೆಯೇ ನೋಡಿ. ಆಮೇಲೆ ಒಂದೇ ಚೀಲವನ್ನು ಹಲಗೆಯ ನಡುವೆ, ನಂತರ ನಾಲ್ಕು ಮೂಲೆಗಳಲ್ಲಿ ಇಡಿಸಿ. ಐದೂ ಕಡೆ ಒಂದೇ ಅಂಕಿ ಬರಬೇಕು. ಮೂಲೆಯಲ್ಲಿ ಅರ್ಧ ಕೆ.ಜಿ. ಕಡಿಮೆ ತೋರಿಸುವ ತಕ್ಕಡಿಯಲ್ಲಿ ಹಮಾಲರು ಚೀಲ ಎಲ್ಲಿ ಎಸೆಯುತ್ತಾರೆ ಎಂಬುದರ ಮೇಲೆ ನಿಮ್ಮ ತೂಕ ನಿಂತಿರುತ್ತದೆ. ಅಂಕಿ ನಿಲ್ಲುವ ಮೊದಲೇ ಚೀಲ ಎತ್ತುವುದನ್ನೂ ಬಿಡಬೇಡಿ. ಕೆಲಸ ಚುರುಕಾಗಿ ನಡೆಯುತ್ತಿದೆ ಎಂದು ಕಾಣುತ್ತದೆ, ಬರೆದ ಅಂಕಿ ಮಾತ್ರ ಕೆಳಗಿರುತ್ತದೆ.

ನಂತರ ಚೀಲದ ತೂಕ. 50 ಕೆ.ಜಿ. ಹಿಡಿಯುವ ಸೆಣಬಿನ ಗೋಣಿಚೀಲ ಸುಮಾರು 580 ಗ್ರಾಂ ಇರುತ್ತದೆ. ಪ್ಲಾಸ್ಟಿಕ್ ಚೀಲ ಇದರ ಕಾಲುಭಾಗದಷ್ಟೂ ಇರದು. ರೂಢಿ ಎಂದು ಚೀಲಕ್ಕೆ 1 ಕೆ.ಜಿ. ಕಳೆದರೆ ಗೋಣಿಯಲ್ಲೇ 420 ಗ್ರಾಂ, ಪ್ಲಾಸ್ಟಿಕ್ಕಿನಲ್ಲಿ 850 ಗ್ರಾಂಗಿಂತ ಹೆಚ್ಚು ಹೋಯಿತು. ಪರಿಹಾರ ಸುಲಭ: ಹತ್ತು ಖಾಲಿ ಚೀಲ ಒಟ್ಟಿಗೆ ತೂಗಿಸಿ ಹತ್ತರಿಂದ ಭಾಗಿಸಿ. ಬಂದದ್ದೇ ಕಳೆಯಬೇಕಾದ ತೂಕ.

ಮೂರನೆಯದು ಗ್ರಾಂ ಬಿಡುವುದು. 61.4 ಇದ್ದರೆ 61, 60.9 ಇದ್ದರೆ 60 ಎಂದು ಬರೆಯುತ್ತಾರೆ. ಒಂದೊಂದು ಚೀಲಕ್ಕೆ ಸರಾಸರಿ ಅರ್ಧ ಕೆ.ಜಿ. ಹೋಗುತ್ತದೆ, 40 ಚೀಲಕ್ಕೆ 20 ಕೆ.ಜಿ. ನಾಲ್ಕೈದು ಚೀಲ ಒಟ್ಟಿಗೆ ತೂಗಿದರೆ ಈ ನಷ್ಟ ನಾಲ್ಕೈದು ಪಟ್ಟು ಕಡಿಮೆ. ಸಮಿತಿಯ ವೇ ಬ್ರಿಡ್ಜ್ ಇದ್ದರೆ ತುಂಬಿದ ಗಾಡಿ, ಖಾಲಿ ಗಾಡಿ ಎರಡನ್ನೂ ತೂಗಿಸಿದ ಚೀಟಿ ನಿಮ್ಮ ಕೈಲಿದ್ದರೆ ಚರ್ಚೆಯೇ ಬೇಡ. ಗೇಟಿನೊಳಗೆ ಬರುವಾಗಲೇ ಇದನ್ನು ಮಾಡಿಸಿಬಿಡಬಹುದು.

ನಾಲ್ಕನೆಯದು ಸೂಟು. ಸೊರಗು, ಕಸ, ಉದುರು ಎಂಬ ಹೆಸರಿನಲ್ಲಿ ಕ್ವಿಂಟಲಿಗೆ ಒಂದೆರಡು ಕೆ.ಜಿ. ಬಿಡುವುದು. ಸ್ಯಾಂಪಲ್ಲೆಂದು ತೆಗೆದ ಕಾಳು ವಾಪಸು ಬಾರದಿರುವುದು, ನೆಲಕ್ಕೆ ಚೆಲ್ಲಿದ್ದನ್ನು ಗುಡಿಸಿಕೊಂಡು ಹೋಗುವುದು ಇದರ ತಮ್ಮಂದಿರು. ಇವ್ಯಾವಕ್ಕೂ ಕಾನೂನಿನ ಬೆಂಬಲವಿಲ್ಲ.

ತೂಗುವ ಪ್ರತಿ ಅಂಕಿಯನ್ನೂ ನೀವೇ ಒಂದು ಕಾಗದದಲ್ಲಿ ಬರೆದುಕೊಳ್ಳಿ. ಮುಗಿದ ಮೇಲೆ ತೂಕದವರು ಕೊಡುವ ತಕ್‌ಪಟ್ಟಿಯ ಜತೆ ತಾಳೆ ನೋಡಿ. ವ್ಯತ್ಯಾಸವಿದ್ದರೆ ಮಾಲು ಅಲ್ಲೇ ಇರುವಾಗಲೇ ಹೇಳಬೇಕು. ಚೀಲಗಳು ವರ್ತಕನ ಗೋದಾಮಿನಲ್ಲಿ ಬೇರೆಯವರ ಚೀಲಗಳ ಜತೆ ಸೇರಿದ ಮೇಲೆ ಮರುತೂಕ ಎಂಬುದೇ ಇಲ್ಲ.

ಪಟ್ಟಿ ಓದುವುದು

40 ಗೋಣಿಚೀಲ ಮೆಕ್ಕೆಜೋಳ, ಚೀಲ ಸಹಿತ 2,440 ಕೆ.ಜಿ., ಬೆಲೆ ಕ್ವಿಂಟಲಿಗೆ 2,000 ರೂ., ಇಳಿಸುವ ಹಮಾಲಿ ಚೀಲಕ್ಕೆ 10 ರೂ. ಎಂದಿಟ್ಟುಕೊಂಡು ಎರಡು ಪಟ್ಟಿ ಬರೆಯೋಣ.

ಸರಿಯಾದ ಪಟ್ಟಿ:
ಚೀಲದ ತೂಕ (40 × 0.58): 23.2 ಕೆ.ಜಿ.
ನಿವ್ವಳ: 2,416.8 ಕೆ.ಜಿ.
ಮೊತ್ತ: 48,336 ರೂ.
ಹಮಾಲಿ: 400 ರೂ.
ಕೈಗೆ: 47,936 ರೂ.

ಸೋರುವ ಪಟ್ಟಿ:
ಗ್ರಾಂ ಬಿಟ್ಟು ಬರೆದ ತೂಕ: 2,420 ಕೆ.ಜಿ.
ಚೀಲಕ್ಕೆ 1 ಕೆ.ಜಿ.: 40 ಕೆ.ಜಿ.
ಸೂಟು ಕ್ವಿಂಟಲಿಗೆ ಸುಮಾರು 1 ಕೆ.ಜಿ.: 24 ಕೆ.ಜಿ.
ನಿವ್ವಳ: 2,356 ಕೆ.ಜಿ.
ಮೊತ್ತ: 47,120 ರೂ.
ಕಮಿಷನ್ ಶೇ 2: 942 ರೂ.
ಹಮಾಲಿ: 400 ರೂ.
‘ಧರ್ಮ’ (ದಾನದ ಹೆಸರಿನ ಕಡಿತ), ಇತರೆ: 100 ರೂ.
ಕೈಗೆ: 45,678 ರೂ.

ವ್ಯತ್ಯಾಸ 2,258 ರೂ. ಕ್ವಿಂಟಲಿಗೆ 93 ರೂಪಾಯಿಗೂ ಹೆಚ್ಚು. ಎರಡೂ ಪಟ್ಟಿಯಲ್ಲಿ ಬೆಲೆ ಮಾತ್ರ ಒಂದೇ, 2,000.

ಕರ್ನಾಟಕದಲ್ಲಿ ದಲಾಲಿಯ ಕಮಿಷನ್ ಖರೀದಿದಾರ ಕೊಡಬೇಕಾದದ್ದು. ರೈತನ ಪಟ್ಟಿಯಲ್ಲಿ ಅದು ಬರಕೂಡದು. ಮಾಲು ಇಳಿಸುವುದು, ಸ್ವಚ್ಛ ಮಾಡುವುದರಂಥ ಮಾರಾಟಕ್ಕೆ ಮುಂಚಿನ ಕೂಲಿ ರೈತನದ್ದು. ಮಾರಾಟದ ನಂತರದ ತುಂಬುವಿಕೆ, ಹೇರುವಿಕೆ ಖರೀದಿದಾರನದ್ದು. ಹಮಾಲಿ ದರವನ್ನು ಸಮಿತಿ ನಿಗದಿ ಮಾಡಿರುತ್ತದೆ. ಹಮಾಲರ ಜತೆ ಜಗಳ ಆಡುವ ಬದಲು ದರಪಟ್ಟಿ ನೋಡಿ ಅಷ್ಟು ಕೊಟ್ಟುಬಿಡಿ. ಬೆನ್ನ ಮೇಲೆ ಹೊತ್ತವನ ಕೂಲಿಯಲ್ಲಿ ಉಳಿಸುವ ಹಣ ಚಿಲ್ಲರೆ, ಮೇಲಿನ ಲೆಕ್ಕದಲ್ಲಿ ಸೋರಿದ ಹಣ ನೋಟು.

ಪಟ್ಟಿಯ ಮೇಲೆ ಅಂಗಡಿಯ ಹೆಸರು, ಲೈಸೆನ್ಸು ನಂಬರು, ಲಾಟ್ ನಂಬರು, ಖರೀದಿದಾರನ ಹೆಸರು ಇರಬೇಕು. ಅಚ್ಚಿಲ್ಲದ ತುಂಡು ಕಾಗದದಲ್ಲಿ ಪೆನ್ನಿನಿಂದ ಗೀಚಿದ್ದಕ್ಕೆ ಬಿಳಿ ಚೀಟಿ ಎನ್ನುತ್ತಾರೆ. ಬಿಳಿ ಚೀಟಿಯ ವ್ಯಾಪಾರ ಸಮಿತಿಯ ಪುಸ್ತಕಕ್ಕೆ ಬರುವುದಿಲ್ಲ. ಅದರಿಂದ ವರ್ತಕನಿಗೆ ಶುಲ್ಕ, ತೆರಿಗೆ ಉಳಿಯುತ್ತದೆ. ನಿಮಗೆ ದೂರು ಕೊಡುವ ಆಧಾರ ಹೋಗುತ್ತದೆ.

ಹಣ

ಮಾಲು ತೂಕವಾದ ದಿನವೇ ಹಣ ಕೊಡಬೇಕೆಂಬುದು ನಿಯಮ. ರೂಢಿಯಲ್ಲಿ ವಾರ, ಹದಿನೈದು ದಿನ ಎಳೆಯುತ್ತದೆ. ‘ಇವತ್ತೇ ಬೇಕಾದರೆ ನೂರಕ್ಕೆ ಎರಡು ಕಡಿಮೆ’ ಎನ್ನುವುದೂ ಉಂಟು. ವಾರ ಮುಂಚೆ ಹಣ ಪಡೆಯಲು ನೂರಕ್ಕೆ ಎರಡು ಬಿಟ್ಟರೆ ಅದು ವರ್ಷಕ್ಕೆ ನೂರಕ್ಕೆ ನೂರರ ಬಡ್ಡಿ. ಬ್ಯಾಂಕ್ ಖಾತೆಗೇ ಹಾಕಿಸಿಕೊಳ್ಳಿ, ಮೊತ್ತ ಪಟ್ಟಿಯ ಜತೆ ತಾಳೆಯಾಗಲಿ. ಚೆಕ್ ಕೊಟ್ಟರೆ ದಿನಾಂಕ ನೋಡಿ. ಮುಂದಿನ ತಿಂಗಳ ದಿನಾಂಕದ ಚೆಕ್ ಎಂದರೆ ಸಾಲ ಕೊಟ್ಟಂತೆಯೇ.

ಹಣ್ಣು, ತರಕಾರಿ

ಇಲ್ಲಿ ನಿಯಮ ಬೇರೆಯಲ್ಲ, ನಡೆಯುವುದು ಮಾತ್ರ ಬೇರೆ. ಮಾಲು ಸಂಜೆಯವರೆಗೆ ಉಳಿಯದು, ಆದ್ದರಿಂದ ನಿರಾಕರಿಸುವ ಹಕ್ಕಿಗೆ ಬಲವಿಲ್ಲ. ಬೆಳಗಿನ ಜಾವ ಬಹಿರಂಗ ಸವಾಲು ನಡೆದು ಹೊತ್ತು ಏರುವ ಮುನ್ನ ಮುಗಿಯುತ್ತದೆ. ರೈತನಿಂದಲೇ ನೂರಕ್ಕೆ ಹತ್ತರವರೆಗೂ ಕಮಿಷನ್ ಹಿಡಿಯುವ ದೂರು ಅನೇಕ ಮಾರುಕಟ್ಟೆಗಳಿಂದ ಬರುತ್ತಲೇ ಇದೆ. ಕೋಲಾರದ ಕಡೆ ಟೊಮೆಟೊ 15 ಕೆ.ಜಿ. ಬಾಕ್ಸಿನ ಲೆಕ್ಕದಲ್ಲಿ ಹರಾಜಾಗುತ್ತದೆ. ಬಾಕ್ಸನ್ನು ಗೋಪುರ ಏರಿಸಿ ತುಂಬಿದರೆ 15ರ ಬೆಲೆಗೆ 17 ಹೋಗುತ್ತದೆ. ಮನೆಯಲ್ಲೇ ಐದು ಬಾಕ್ಸ್ ತೂಗಿ, ತುಂಬುವ ಮಟ್ಟ ಎಲ್ಲಿಗೆ ಎಂದು ಆಳುಗಳಿಗೆ ತೋರಿಸಿಕೊಡಿ. ಕಮಿಷನ್ ಹಿಡಿದಿದ್ದರೆ ಅದನ್ನು ಪಟ್ಟಿಯಲ್ಲೇ ಬರೆದು ಕೊಡಿ ಎಂದು ಕೇಳಿ. ಬರೆಯಲು ಹಿಂಜರಿದರೆ ಕಮಿಷನ್ನಿನ ಮೊತ್ತ ಇಳಿಯುವುದೂ ಉಂಟು.

ಬೆಂಬಲ ಬೆಲೆ ಕೇಂದ್ರ ಮತ್ತು ಅಡಮಾನ ಸಾಲ

ಯಾರ್ಡಿನೊಳಗೇ ಬೆಂಬಲ ಬೆಲೆಯ ಖರೀದಿ ಕೇಂದ್ರ ಇರಬಹುದು, ಆದರೆ ಕೊಳ್ಳುವುದು ಸರ್ಕಾರ ಗೊತ್ತು ಮಾಡಿದ ಸಂಸ್ಥೆ. ಸಮಿತಿ ಜಾಗ ಕೊಡುತ್ತದೆ ಅಷ್ಟೆ. ಮೆಕ್ಕೆಜೋಳಕ್ಕೆ 2025-26ರ ಬೆಂಬಲ ಬೆಲೆ 2,400 ರೂ. ಎಂದು ಘೋಷಣೆಯಾದ ಮಾತ್ರಕ್ಕೆ ಟೆಂಡರಿನಲ್ಲಿ ವರ್ತಕ ಅದಕ್ಕಿಂತ ಕಡಿಮೆ ಹಾಕಬಾರದೆಂದೇನೂ ಆಗುವುದಿಲ್ಲ. ಕೇಂದ್ರ ತೆರೆದಿದ್ದು, ಫ್ರೂಟ್ಸ್ ಐಡಿಯಲ್ಲಿ ನಿಮ್ಮ ಬೆಳೆ ಸರಿಯಾಗಿ ದಾಖಲಾಗಿದ್ದು, ನೋಂದಣಿ ಗಡುವಿನೊಳಗೆ ಆಗಿದ್ದರೆ ಮಾತ್ರ ಆ ಬೆಲೆ. ತೊಗರಿ ಹಾಕಿದ ಹೊಲಕ್ಕೆ ಹತ್ತಿ ಎಂದು ಬೆಳೆ ಸಮೀಕ್ಷೆಯಲ್ಲಿ ದಾಖಲಾಗಿ ನೋಂದಣಿ ತಿರಸ್ಕೃತವಾಗುವುದು ಸಾಮಾನ್ಯ. ಸಮೀಕ್ಷೆಯ ಹೊತ್ತಿಗೇ ಪರಿಶೀಲಿಸಿ ಆಕ್ಷೇಪಣೆ ಸಲ್ಲಿಸಿ, ಕೊಯ್ಲಿನ ಹೊತ್ತಿಗಲ್ಲ.

ಬೆಲೆ ಬಿದ್ದಾಗ ಮಾಲನ್ನು ಗೋದಾಮಿನಲ್ಲಿಟ್ಟು ಅದರ ಮೇಲೆ ಅಡಮಾನ ಸಾಲ ಪಡೆಯುವ ಯೋಜನೆ ಸಮಿತಿಗಳಲ್ಲಿದೆ. ಮಾಲಿನ ಅಂದಿನ ಬೆಲೆಯ ಒಂದು ಭಾಗವನ್ನಷ್ಟೇ ಸಾಲವಾಗಿ ಕೊಡುತ್ತಾರೆ. ಕಾಯುವುದಕ್ಕೂ ಖರ್ಚಿದೆ. 2,000 ರೂಪಾಯಿ ಮಾಲನ್ನು ಮೂರು ತಿಂಗಳು ಇಟ್ಟರೆ, ವರ್ಷಕ್ಕೆ ಶೇ 12ರ ಬಡ್ಡಿ ಹಿಡಿದರೂ 60 ರೂ., ಬಾಡಿಗೆ ತಿಂಗಳಿಗೆ 10ರಂತೆ 30, ಒಣಗಿ ತೂಕ ನೂರಕ್ಕೆ ಒಂದು ಇಳಿದರೆ 20. ಬೆಲೆ 2,110ಕ್ಕೆ ಏರಿದರೆ ಕಾದದ್ದು ಸರಿಗೆ ಸರಿ. ಅಷ್ಟು ಏರುವ ಲಕ್ಷಣ ಕಾಣದಿದ್ದರೆ ಅಥವಾ ಮಾಲಿಗೆ ಆಗಲೇ ಹುಳ ಬಿದ್ದಿದ್ದರೆ ಇಡಬೇಡಿ.

ದೂರು

ಒಂದೊಂದು ದೂರಿಗೂ ಒಂದೊಂದು ಹೊತ್ತಿದೆ. ಬೆಲೆಯ ತಕರಾರು ನಿರಾಕರಣೆಯ ಗಡುವಿನೊಳಗೆ. ತೂಕದ್ದು ಮಾಲು ಅಂಗಡಿ ಮುಂದೆ ಇರುವಾಗ. ಕಡಿತದ್ದು ಪಟ್ಟಿ ಕೈಗೆ ಬಂದ ದಿನ. ಹಣದ್ದು ಮಾತ್ರ ಕೆಲವು ದಿನ ಕಾದು ಕೊಡಬಹುದು, ಆದರೆ ತಿಂಗಳುಗಟ್ಟಲೆ ಬಿಡಬೇಡಿ; ವರ್ತಕ ಕೈಯೆತ್ತಿದರೆ ಅವನು ಸಮಿತಿಯಲ್ಲಿಟ್ಟ ಭದ್ರತಾ ಠೇವಣಿಗೆ ಕೈಚಾಚುವ ರೈತರ ಸಾಲಿನಲ್ಲಿ ನೀವು ಹಿಂದೆ ಉಳಿಯುತ್ತೀರಿ.

ಕಾರ್ಯದರ್ಶಿಯ ಹೆಸರಿಗೆ ಅರ್ಧ ಪುಟ ಸಾಕು. ದಿನಾಂಕ, ಗೇಟ್ ಚೀಟಿ ನಂಬರು, ಲಾಟ್ ನಂಬರು, ಅಂಗಡಿ ಮತ್ತು ಖರೀದಿದಾರನ ಹೆಸರು, ಎಷ್ಟು ಕೆ.ಜಿ. ಅಥವಾ ಎಷ್ಟು ರೂಪಾಯಿ ವ್ಯತ್ಯಾಸ, ನಿಮಗೆ ಏನಾಗಬೇಕು. ‘ರೈತರಿಗೆ ಅನ್ಯಾಯವಾಗುತ್ತಿದೆ’ ಎಂಬ ಸಾಲಿಗಿಂತ ‘ಲಾಟ್ ಇಂಥದ್ದರಲ್ಲಿ 84 ಕೆ.ಜಿ. ಕಡಿಮೆ’ ಎಂಬ ಸಾಲಿಗೆ ಬೇಗ ಉತ್ತರ ಬರುತ್ತದೆ. ಎರಡು ಪ್ರತಿ ಮಾಡಿ ಒಂದಕ್ಕೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ. ಸಮಿತಿ ಎರಡೂ ಕಡೆಯವರನ್ನು ಕರೆಸಿ ಇತ್ಯರ್ಥ ಮಾಡಬಹುದು. ಒಪ್ಪದ ಲೈಸೆನ್ಸುದಾರನ ಲೈಸೆನ್ಸು ಅಮಾನತು ಮಾಡುವ, ರದ್ದು ಮಾಡುವ ಅಧಿಕಾರವೂ ಇದೆ. ಸೀಸನ್ನಿನ ನಡುವೆ ಅಂಗಡಿ ಎರಡು ವಾರ ಮುಚ್ಚಿದರೆ ಆಗುವ ನಷ್ಟ ನಿಮ್ಮ 84 ಕೆ.ಜಿ.ಗಿಂತ ಎಷ್ಟೋ ಪಾಲು ದೊಡ್ಡದು ಎಂದು ವರ್ತಕನಿಗೂ ಗೊತ್ತು, ಆದ್ದರಿಂದ ಹೆಚ್ಚಿನವು ಕಚೇರಿಯ ಮೆಟ್ಟಿಲಲ್ಲೇ ತೀರುತ್ತವೆ. ತೀರದಿದ್ದರೆ ಕೃಷಿ ಮಾರಾಟ ಇಲಾಖೆಯ ಜಿಲ್ಲಾ ಕಚೇರಿ, ಅಲ್ಲಿಂದ ಬೆಂಗಳೂರಿನ ನಿರ್ದೇಶಕರು. ತಕ್ಕಡಿಯದ್ದೇ ದೋಷವಾದರೆ ನೇರವಾಗಿ ಕಾನೂನು ಮಾಪನಶಾಸ್ತ್ರ ಇಲಾಖೆಗೆ ಬರೆಯಿರಿ.

ಹೊಲಕ್ಕೇ ಬಂದು ಕೊಂಡವನ ಹತ್ತಿರ ಲೈಸೆನ್ಸಿಲ್ಲದಿದ್ದರೆ ಈ ದಾರಿ ಯಾವುದೂ ತೆರೆದಿರುವುದಿಲ್ಲ; ಉಳಿಯುವುದು ಪೊಲೀಸ್ ಠಾಣೆ, ಇಲ್ಲವೇ ಸಿವಿಲ್ ಕೋರ್ಟು. ಅಂಥವನಿಗೆ ಮಾರುವುದಾದರೆ ಗಾಡಿ ಹೊಲ ದಾಟುವ ಮುನ್ನ ಪೂರ್ತಿ ಹಣ ಖಾತೆಗೆ ಬಂದಿರಲಿ.